ಮೂರನೇ ಪದದ ನಡುವೆ ಉಮ್ಮ

ಬಂಟ್ವಾಳ

ಗಲ್ಫಿಗೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು "ಎಂತ ತಂದಿರಿ?" ಎಂದು. ನಾನು ಏನೂ ತರಲಿಲ್ಲ. ಇಲ್ಲಿಂದ ಹೊತ್ತುಕೊಂಡು ಹೋದ ಒಂದೇ ಒಂದು ಮುಖ್ಯ ವಸ್ತುವನ್ನೂ ಅಲ್ಲಿ ನೆಟ್ಟಗೆ ಒಪ್ಪಿಸಲಿಲ್ಲ. ಐದು ದಿನದ ಆ ಪ್ರವಾಸವನ್ನು ಹೇಳಿಕೊಳ್ಳಲು ನಾಚಿಕೆ, ಹೇಳದೆ ಇರಲೂ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಳ್ತಂಗಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮನೆ ಮುಂಡಾಜೆ. ಮೂವತ್ತೈದು ದಾಟಿದ, ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಡುವ ಹೆಂಗಸು ರಾಕ್ ಸಂಗೀತ ಕೇಳಲು ದುಬೈಗೆ ಹೋಗುತ್ತಾಳೆಂದರೆ ಯಾರು ನಂಬುತ್ತಾರೆ? ರಜೆ ಅರ್ಜಿಯಲ್ಲಿ "ಸ್ವಂತ ಕೆಲಸದ ನಿಮಿತ್ತ" ಎಂದು ಬರೆದೆ. ಹೆಡ್‌ಮಾಸ್ಟರರು ಕನ್ನಡಕ ಇಳಿಸಿ, "ಯಾರಿಗಾದ್ರೂ ಹುಷಾರಿಲ್ವಾ ಟೀಚರೇ?" ಎಂದು ಕೇಳಿದರು. "ಹೌದು ಸಾರ್, ಸ್ವಲ್ಪ ಹಾಗೇ" ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಇದೆಲ್ಲ ಶುರುವಾದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಮೂಡುಬಿದಿರೆಯ ಹಾಸ್ಟೆಲಿನಲ್ಲಿ. ನನ್ನ ರೂಮಿನವಳು ಜೋಹರಾ, ಬಂಟ್ವಾಳ ಪೇಟೆಯಲ್ಲಿ ಹೊಳೆಬದಿಯ ಮನೆಯ ಬ್ಯಾರಿ ಮುಸ್ಲಿಂ ಹುಡುಗಿ. ಅವಳ ಅಣ್ಣ ಹಮೀದ್ ದುಬೈಯಲ್ಲಿದ್ದ. ಆಗ ಫೋನು ಅಪರೂಪ, ಅವಳ ಉಮ್ಮನಿಗೆ, ಎಂದರೆ ಅಮ್ಮನಿಗೆ, ಓದು ಬರಹ ಇಲ್ಲ. ಅಂಥ ಮನೆಗಳಲ್ಲಿ ಕಾಗದದ ಬದಲು ಕ್ಯಾಸೆಟ್ ಓಡಾಡುತ್ತಿತ್ತು. ಮಗ ಅಲ್ಲಿ ಮಾತಾಡಿ ತುಂಬಿಸಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುವುದು. ಇಲ್ಲಿ ಎಲ್ಲರೂ ಸುತ್ತ ಕುಳಿತು ಕೇಳಿ, ಅದೇ ಕ್ಯಾಸೆಟಿನ ಮೇಲೆ ಉತ್ತರ ಹೇಳಿ, ಗಲ್ಫಿಗೆ ಹೊರಟವರ ಕೈಯಲ್ಲಿ ತಿರುಗಿ ಕಳಿಸುವುದು. ಒಂದೇ ಕ್ಯಾಸೆಟ್ ಹತ್ತು ಸಲ ಸಮುದ್ರ ದಾಟಿದ್ದೂ ಉಂಟು.

ಒಂದು ಮಳೆಗಾಲದಲ್ಲಿ ಹಮೀದನ ಕ್ಯಾಸೆಟ್ ಬಂತು. ಅವನ ಮಾತು ಹತ್ತೇ ನಿಮಿಷಕ್ಕೆ ಮುಗಿದಿತ್ತು. ಬಟ್ಟಲಲ್ಲಿ ಒಂದು ಅಗುಳು ಬಿಟ್ಟರೂ ಬೈಯುವ ಉಮ್ಮ ಸಾಕಿದ ಮಗ ಅವನು, ಖಾಲಿ ಟೇಪು ಸುಮ್ಮನೆ ಹೋಗಬಾರದೆಂದು ತನ್ನ ರೂಮಿನ ಗೋವಾದವನ ಹತ್ತಿರ ಇದ್ದ ಯಾವುದೋ ಇಂಗ್ಲಿಷ್ ಹಾಡುಗಳನ್ನು ಉಳಿದ ಜಾಗಕ್ಕೆ ತುಂಬಿಸಿ ಕಳಿಸಿದ್ದ. ಐದು ಹಾಡು. ಯಾರ ಹಾಡು ಎಂದು ಎಲ್ಲೂ ಬರೆದಿರಲಿಲ್ಲ.

ಜೋಹರಾ ಶನಿವಾರ ಮನೆಗೆ ಹೋಗಿ ಅದನ್ನು ಕೇಳಿದಳು. ಮೊದಲ ಹಾಡಿಗೇ ಹುಚ್ಚು ಹಿಡಿಯಿತಂತೆ. ಎರಡನೆಯದಕ್ಕೆ ಕಿಟಕಿ ಬಾಗಿಲು ಮುಚ್ಚಿ ಕುಣಿದಳಂತೆ. ಮೂರನೆಯದು ಒಂದೇ ಗಿಟಾರಿನಲ್ಲಿ ಮೆಲ್ಲಗೆ ಶುರುವಾಗಿ, ಹಾಡುವವನ ಸ್ವರ ಸೇರಿ, ಡ್ರಮ್ಮು ಸೇರಿ, ಇನ್ನೇನು ಏರಬೇಕು ಅನ್ನುವಲ್ಲಿ "ಟಕ್" ಎಂದಿತು. ಆಮೇಲೆ ಮಗನನ್ನು ಕರೆಯುವ ಉಮ್ಮನ ಸ್ವರ: "ಅಸ್ಸಲಾಮು ಅಲೈಕುಂ ಮೋನೇ. ಇದು ಉಮ್ಮ."

ಆದದ್ದಿಷ್ಟೇ. ಪಕ್ಕದ ಮನೆಯವರು ಯಾರೋ ಆ ಭಾನುವಾರ ದುಬೈಗೆ ಹೊರಡುವವರಿದ್ದರು. ಉಮ್ಮ ಮಗನ ಮಾತು ಕೇಳಿ, ಹಾಡು ಬರುತ್ತಿರುವಾಗ ಅಡುಗೆ ಕೆಲಸ ಮುಗಿಸಿ ಬಂದು, ಟೇಪು ಎಲ್ಲಿಗೆ ಮುಟ್ಟಿತ್ತೋ ಅಲ್ಲಿಯೇ ಕೆಂಪು ಗುಂಡಿ ಒತ್ತಿ ಉತ್ತರ ಹೇಳಿದ್ದರು. ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ. ಅದು ಮುಗಿದ ಮೇಲೆ ಮತ್ತೆ "ಟಕ್", ಮತ್ತೆ ಹಾಡಿನ ಬಾಲ. ಜೋಹರಾ ಮನೆ ಹಾರಿಹೋಗುವ ಹಾಗೆ ಕಿರುಚಿದಳು: "ನಿಮಗೆ ಒಮ್ಮೆ ಬಾಯಿ ಮುಚ್ಚಿಕೊಂಡು ಇರ್ಲಿಕ್ಕೆ ಆಗುದಿಲ್ವಾ ಉಮ್ಮ? ಪದ ಹಾಳು ಮಾಡಿ ಹಾಕಿದ್ರಿ!" ಕ್ಯಾಸೆಟ್ ಕಳಿಸಲು ಬಿಡಲೇ ಇಲ್ಲ. ಉಮ್ಮ ಬೇರೊಂದರಲ್ಲಿ ಮತ್ತೆ ಮಾತಾಡಬೇಕಾಯಿತು. ಜೋಹರಾ ಮೂರು ದಿನ ಅವರ ಹತ್ತಿರ ಮಾತು ಬಿಟ್ಟಿದ್ದಳು.

ಆ ಕ್ಯಾಸೆಟ್ ಹಾಸ್ಟೆಲಿಗೆ ಬಂತು. ಹೆಸರು ಗೊತ್ತಿಲ್ಲದ ಆ ತಂಡಕ್ಕೆ ನಾವು "ಹಮೀದನ ಮೇಳ" ಎಂದು ಹೆಸರಿಟ್ಟೆವು. ಯಕ್ಷಗಾನ ಆಟದ ಮೇಳ ನೋಡಿ ಬೆಳೆದವರಿಗೆ ಬೇರೇನು ತೋಚುತ್ತದೆ? ಹಾಡುವವನು ಭಾಗವತ, ಡ್ರಮ್ಮಿನವನು ಚೆಂಡೆಯವ, ಹಾಡು ಎಂದರೆ ಪದ. ಎಷ್ಟೋ ವರ್ಷದ ಮೇಲೆ ಒಂದು ಪತ್ರಿಕೆಯಲ್ಲಿ ಅವರ ಫೋಟೊ, ನಿಜವಾದ ಹೆಸರು ಎರಡೂ ಸಿಕ್ಕಿದವು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮಗೆ ಅವರು ಹಮೀದನ ಮೇಳವೇ.

ಮೂರು ವರ್ಷ ಆ ಐದು ಪದ ಕೇಳಿದೆವು. ಮೂರನೇ ಪದದ ನಡುವಿನ ಉಮ್ಮನ ಮಾತು ಬ್ಯಾರಿ ಭಾಷೆ ಬಾರದ ನನಗೂ ಬಾಯಿಪಾಠವಾಯಿತು. ಬಂಟ್ವಾಳಕ್ಕೆ ಹೋದಾಗಲೆಲ್ಲ ಉಮ್ಮ ನನಗೆಂದೇ ಬೇರೆ ಪಾತ್ರೆಯಲ್ಲಿ ಕಡಲೆ ಗಸಿ ಮಾಡಿಡುತ್ತಿದ್ದರು. ಅವರ ಸ್ವರ ಕೇಳಿದರೆ ನನಗೆ ಹಸಿವಾಗುತ್ತಿತ್ತು. ಆದರೆ ಸತ್ಯ ಹೇಳುತ್ತೇನೆ, ಆ ಎರಡು ನಿಮಿಷದಲ್ಲಿ ಮೇಳದವರು ಏನು ನುಡಿಸಿದ್ದರೋ ಎಂಬ ಹಂಬಲ ನನ್ನನ್ನು ಎಂದೂ ಬಿಟ್ಟಿರಲಿಲ್ಲ.

ಡಿಗ್ರಿ ಮುಗಿದದ್ದೇ ಜೋಹರಾಳಿಗೆ ಮದುವೆಯಾಯಿತು. ಗಂಡ ಬಶೀರ್, ಶಾರ್ಜಾದಲ್ಲಿ ಸಣ್ಣ ದಿನಸಿ ಅಂಗಡಿ. ಹೊರಡುವ ಮುಂಚೆ ಕ್ಯಾಸೆಟನ್ನು ನನ್ನ ಕೈಗೆ ತುರುಕಿದಳು. "ಅಲ್ಲಿ ಇದನ್ನು ಹಾಕ್ಲಿಕ್ಕೆ ಆಗ್ತದೋ ಇಲ್ವೋ. ನೀನು ಇಟ್ಕೋ. ಮೂರನೇ ಪದ ಪೂರ್ತಿ ಕೇಳುದಾದ್ರೆ ಇಬ್ರೂ ಒಟ್ಟಿಗೆ. ಆಣೆ?" "ಆಣೆ" ಎಂದೆ.

ಆಣೆ ಪಾಲಿಸಿದೆವು ಮಾರಾಯ್ರೆ! ಮಂಗಳೂರಿನ ಅಂಗಡಿಯಲ್ಲಿ ಆ ಹಾಡಿನ ಸಿ.ಡಿ. ಕಣ್ಣೆದುರಿಗೇ ಇದ್ದರೂ ಕೊಳ್ಳದೆ ಬಂದಿದ್ದೇನೆ. ಶಾರ್ಜಾದಲ್ಲಿ ಅವಳ ಮೈದುನ ಅದನ್ನು ಹಾಕಿದರೆ ಇವಳು ಮೂರನೆಯದು ಬರುವ ಮೊದಲು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳಂತೆ.

ಪ್ರವಾಸದ ಹಿಂದಿನ ಮಳೆಗಾಲದಲ್ಲಿ ಉಮ್ಮ ತೀರಿಕೊಂಡರು. ಜೋಹರಾ ಬಂದು ಮುಟ್ಟುವಾಗ ಮೂರನೇ ದಿನ. ಮುಖ ನೋಡಲಿಕ್ಕೂ ಸಿಗಲಿಲ್ಲ. ಅವಳು ಅಳಲಿಲ್ಲ, ಬಂದವರಿಗೆಲ್ಲ ಚಹಾ ಕೊಡುತ್ತಾ ಓಡಾಡಿದಳು. ಮತ್ತೆ ಐದಾರು ತಿಂಗಳಲ್ಲಿ ಅವಳ ಫೋನು ಬಂತು.

"ಸುಜಾ, ಮೇಳ ಬರ್ತದೆ ಮಾರಾಯ್ತಿ!"

"ಯಾವ ಮೇಳ? ಎಲ್ಲಿ ಆಟ?" ಎಂದೆ. ಆಗಷ್ಟೇ ಶಾಲೆಯಿಂದ ಬಂದಿದ್ದೆ.

"ಹಮೀದನ ಮೇಳ! ದುಬೈಗೆ! ವೀಸಾ ಎಲ್ಲ ಇವರು ಮಾಡಿಸ್ತಾರೆ. ನೀನು ಬರ್ಬೇಕು, ಎಂತದ್ದೂ ಹೇಳ್ಬಾರ್ದು." ಆಮೇಲೆ ಸ್ವರ ತಗ್ಗಿಸಿದಳು. "ಆ ಕ್ಯಾಸೆಟ್ ಉಂಟಲ್ಲ ನಿನ್ನ ಹತ್ರ?"

"ಉಂಟು."

"ಬೇರೆ ಎಲ್ಲಿಯೂ ಉಮ್ಮನ ಸ್ವರ ಇಲ್ಲ ಸುಜಾ. ಹಮೀದ್ ಅವನ ಹತ್ರ ಇದ್ದದ್ದರಲ್ಲೆಲ್ಲ ಮತ್ತೆ ಮತ್ತೆ ಮಾತು ತುಂಬಿಸಿದ್ದಾನೆ. ನಾನು ಅವತ್ತು ಬಾಯಿ ಮುಚ್ಚಿ ಅಂತ ಹೇಳಿದೆನಲ್ಲ, ಅದೊಂದೇ ಉಳಿದದ್ದು."

ಬಜಪೆ

ಮಂಗಳೂರಿನಿಂದಲೇ ಗಲ್ಫಿಗೆ ವಿಮಾನ ಹಾರತೊಡಗಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಹೊರಟ ಸುದ್ದಿ ಅದಕ್ಕಿಂತ ವೇಗವಾಗಿ ಹಾರಿತು. ಗಲ್ಫಿಗೆ ಹೋಗುವವರ ಕೈಯಲ್ಲಿ ಪೊಟ್ಟಣ ಕಳಿಸುವುದು ನಮ್ಮ ಕಡೆಯ ಹಕ್ಕು, ಯಾರೂ ಕೇಳುವುದಿಲ್ಲ, ತಂದುಕೊಡುತ್ತಾರೆ. ಬಂಟ್ವಾಳದಿಂದ ಒಣ ರೊಟ್ಟಿ, ನೆರಿಯ ಊರಿನ ಒಬ್ಬರಿಂದ ಜೇನು, ನನ್ನ ಪಕ್ಕದ ಮನೆಯವರ ಅಳಿಯನಿಗೆ ಮಿಡಿ ಉಪ್ಪಿನಕಾಯಿ. "ನಾನು ಹೋಗುವುದು ಐದು ದಿನಕ್ಕೆ, ಅದೂ ಶಾರ್ಜಾಕ್ಕೆ, ನಿಮ್ಮ ಅಳಿಯ ಇರುವುದು ಕುವೈತಿನಲ್ಲಿ" ಎಂದೆ. "ಅಲ್ಲಿಂದ ಹತ್ತಿರ ಅಲ್ವಾ ಟೀಚರೇ?" ಎಂದರು.

ಕ್ಯಾಸೆಟ್ ನನ್ನ ಕೈಚೀಲದಲ್ಲಿತ್ತು. ನಮ್ಮ ಕಡೆಯ ಮಳೆಗೆ ಪುಸ್ತಕ, ಚಪ್ಪಲಿ, ಗೋಡೆಯ ದೇವರ ಪಟ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ, ಕ್ಯಾಸೆಟಿಗೆ ಹಿಡಿಯದೆ ಇರುತ್ತದೆಯೇ? ಅದಕ್ಕೆ ವರ್ಷಗಟ್ಟಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಿದ್ದೆ. ನನ್ನ ಟೇಪ್ ರೆಕಾರ್ಡರ್ ಸತ್ತು ಎಷ್ಟೋ ಕಾಲವಾಗಿತ್ತು. ಮಂಗಳೂರಿನ ಒಬ್ಬ ಸ್ಟುಡಿಯೋದವನು, "ಒಂದು ವಾರ ಬಿಟ್ಟುಹೋಗಿ ಮೇಡಂ, ಸಿ.ಡಿ. ಮಾಡಿ ಕೊಡ್ತೇನೆ" ಎಂದಿದ್ದ. ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಅವನು ಕಳೆದುಹಾಕಿದರೆ? ನನಗೆ ಯಾರ ಮೇಲೂ ನಂಬಿಕೆ ಕಡಿಮೆ. ಈ ಗುಣದ ಫಲ ಮುಂದೆ ಹೇಳುತ್ತೇನೆ.

ಬಜಪೆ ವಿಮಾನ ನಿಲ್ದಾಣದ ಸೆಕ್ಯುರಿಟಿಯಲ್ಲಿ ಚೀಲವನ್ನು ಯಂತ್ರದೊಳಗೆ ಹಾಕಿ ಎಂದರು. ಕ್ಯಾಸೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ಅದನ್ನೂ ಹಾಕಿ ಮೇಡಂ."

"ಇಲ್ಲ. ಅಳಿಸಿಹೋದರೆ?"

"ಅಳಿಸುದಿಲ್ಲ ಮೇಡಂ, ದಿನಾ ಎಷ್ಟು ಹೋಗ್ತದೆ."

"ಅಳಿಸುದಿಲ್ಲ ಅಂತ ನೀವು ಬರೆದು ಕೊಡ್ತೀರಾ?"

ಹಿಂದಿನ ಸಾಲಿನಲ್ಲಿ ನಿಂತಿದ್ದ ಬ್ಯಾರಿ ಅಜ್ಜನೊಬ್ಬರು, "ಅಷ್ಟು ಎಂತ ಉಂಟಮ್ಮ ಅದರಲ್ಲಿ?" ಎಂದರು. "ಒಬ್ಬರು ಉಮ್ಮನ ಸ್ವರ" ಎಂದೆ. ಅಜ್ಜ ಆಫೀಸರನ ಕಡೆ ತಿರುಗಿ, "ಕೈಯಲ್ಲೇ ನೋಡಿ ಕೊಡಿ ಮಾರಾಯ್ರೆ" ಎಂದರು. ಆತ ಕ್ಯಾಸೆಟನ್ನು ಅತ್ತ ಇತ್ತ ತಿರುಗಿಸಿ ನೋಡಿ ಕೊಟ್ಟ. ಆದರೆ ಕೈಚೀಲದಲ್ಲಿದ್ದ ಉಪ್ಪಿನಕಾಯಿ ಬಾಟ್ಲಿಯನ್ನು ಬಿಡಲಿಲ್ಲ. ಕುವೈತಿನ ಅಳಿಯ ಇವತ್ತಿಗೂ ನನ್ನ ಮೇಲೆ ಸಿಟ್ಟಾಗಿದ್ದಾನಂತೆ.

ಶಾರ್ಜಾ, ಮೊದಲ ದಿನ

ಜೋಹರಾ ಏರ್‌ಪೋರ್ಟಿನ ಬಾಗಿಲಲ್ಲೇ ನಿಂತಿದ್ದಳು. ದಪ್ಪ ಆಗಿದ್ದಳು. ನಾನೂ ಆಗಿದ್ದೆ. ಇಬ್ಬರೂ ಅದನ್ನೇ ಮೊದಲು ಹೇಳಿಕೊಂಡು ನಕ್ಕೆವು. ಕಾರಿನಲ್ಲಿ ಅವಳು ಊರಿನ ಒಂದೊಂದೇ ಸುದ್ದಿ ಕೇಳಿದಳು, ಹೊಳೆ ಎಷ್ಟು ಬಂದಿತ್ತು, ಪೇಟೆಯ ಯಾವ ಅಂಗಡಿ ಮುಚ್ಚಿತು. ಕ್ಯಾಸೆಟಿನ ಮಾತೆತ್ತಲಿಲ್ಲ. ಮನೆಗೆ ಹೋಗಿ ಕೈಕಾಲು ತೊಳೆದ ಮೇಲೆ ಕೈ ಚಾಚಿದಳು. ಕೊಟ್ಟೆ. ಅದರ ಮೇಲೆ ಅಂಟಿದ್ದ ಎರಡು ಅಕ್ಕಿಕಾಳನ್ನು ಉಗುರಿನಿಂದ ತೆಗೆದು, ಮೂಸಿ ನೋಡಿ, ಕಪಾಟಿನ ಕುರಾನಿನ ಪಕ್ಕ ಇಟ್ಟಳು.

ಅಲ್ಲಿನ ಜನರ ಒಂದು ಅಭ್ಯಾಸ ನನಗೆ ವಿಚಿತ್ರ ಕಂಡಿತು. ಕೆಳಗೆ ಬಶೀರ್ ಭಾವನ ಅಂಗಡಿ. ಮೇಲಿನ ಮಹಡಿಗಳಲ್ಲಿ ಹತ್ತು ದೇಶದ ಹೆಂಗಸರು. ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಫೋನು ಮಾಡುತ್ತಾರೆ, ಬಶೀರ್ ಭಾವ ಮೆಟ್ಟಿಲು ಹತ್ತಿ ಕೊಟ್ಟು ಬರುತ್ತಾರೆ. ಯಾರ ಬಾಗಿಲೂ ಪೂರ್ತಿ ತೆರೆಯುವುದಿಲ್ಲ, ಒಂದು ಕೈ ಹೊರಗೆ ಬರುತ್ತದೆ. "ಇಷ್ಟು ವರ್ಷದಲ್ಲಿ ನಾನು ಕೈ ಮಾತ್ರ ನೋಡಿದ್ದು ಟೀಚರ್. ದಾರಿಯಲ್ಲಿ ಎದುರು ಬಂದ್ರೆ ಗುರ್ತವೇ ಸಿಗುದಿಲ್ಲ" ಎಂದರು. ನಮ್ಮಲ್ಲಿ ಕೊತ್ತಂಬರಿ ತರಲು ಹೋದವಳು ಒಂದು ಗಂಟೆಯ ಮೇಲೆ ಬರುತ್ತಾಳೆ, ಕೊತ್ತಂಬರಿ ಮರೆತು ಬರುತ್ತಾಳೆ. ಯಾವುದು ಒಳ್ಳೆಯದೋ ನನಗೆ ತಿಳಿಯದು.

ರಾತ್ರಿ ಊಟಕ್ಕೆ ಕಡಲೆ ಗಸಿ ಇತ್ತು. ಜೋಹರಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಉಮ್ಮನ ಹಾಗೆ ಆಗ್ಲಿಲ್ಲ ಅಲ್ವಾ?" ಎಂದಳು. ಆಗಿರಲಿಲ್ಲ. ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತಿತ್ತು. ಇನ್ನೊಂದು ಸೌಟು ಹಾಕಿಸಿಕೊಂಡೆ.

ಶಾರ್ಜಾ, ಎರಡನೇ ದಿನ

ಕ್ಯಾಸೆಟ್ ಉಂಟು, ಕೇಳುವುದು ಎಲ್ಲಿ? ಜೋಹರಾಳ ಮನೆಯಲ್ಲಿ ಟೇಪ್ ಇಲ್ಲ, ಕಾರಿನಲ್ಲಿ ಸಿ.ಡಿ. ಮಾತ್ರ. ಬೆಳಿಗ್ಗೆಯಿಂದ ಅಂಗಡಿ ಅಂಗಡಿ ಅಲೆದೆವು. ಒಂದು ಕಾಲದಲ್ಲಿ ನಮ್ಮೂರಿನ ಎಲ್ಲ ಟೂ-ಇನ್-ವನ್‌ಗಳನ್ನೂ ಕಳಿಸಿದ ಊರು ಅದು. ಮಾರುವವರು ಕ್ಯಾಸೆಟನ್ನು ನೋಡಿ ನಕ್ಕರು. ಒಬ್ಬ ಕಾಸರಗೋಡಿನವನು ಬೆಂಕಿಪೆಟ್ಟಿಗೆಯಷ್ಟು ಸಣ್ಣ ಒಂದು ವಸ್ತು ತೋರಿಸಿ, ಇದರಲ್ಲಿ ಸಾವಿರ ಹಾಡು ಹಿಡಿಯುತ್ತದೆ ಎಂದ. "ನಮಗೆ ಬೇಕಾದ್ದು ಎರಡು ನಿಮಿಷ" ಎಂದು ನಾನು ಸಿಡುಕಿದೆ.

ಮಧ್ಯಾಹ್ನ ಸೋತು ಬಂದಾಗ ಅಂಗಡಿಯೆದುರು ಈರುಳ್ಳಿ ಪಿಕಪ್ ನಿಂತಿತ್ತು. ಅದನ್ನು ಓಡಿಸುವವರು ಒಬ್ಬರು ಮುದಿ ಪಠಾಣರು, ಎಲ್ಲರೂ ಖಾನ್ ಸಾಹೇಬ್ ಎನ್ನುತ್ತಿದ್ದರು. ಒಳಗಿಂದ ಅವರ ಕಡೆಯ ಯಾವುದೋ ಹಾಡು ಗರಗರ ಅನ್ನುತ್ತಿತ್ತು. ಜೋಹರಾ ನನ್ನ ಕೈ ಹಿಡಿದು ನಿಂತುಬಿಟ್ಟಳು. "ಸುಜಾ, ಅದು ಕ್ಯಾಸೆಟ್."

ಬಶೀರ್ ಭಾವ ಹಿಂದಿಯಲ್ಲಿ ವಿಷಯ ಹೇಳಿದರು. ಖಾನ್ ಸಾಹೇಬರು ತಮ್ಮ ಕ್ಯಾಸೆಟ್ ತೆಗೆದು ಕಿಸೆಗೆ ಹಾಕಿಕೊಂಡು, ಸೀಟಿನ ಮೇಲಿನ ಈರುಳ್ಳಿ ಸಿಪ್ಪೆ ಕೊಡವಿ, "ಕೂತುಕೊಳ್ಳಿ ಮಗಳೇ" ಎಂದರು. ನಾವಿಬ್ಬರೂ ಒತ್ತಿ ಕುಳಿತೆವು. ಕ್ಯಾಸೆಟ್ ಒಳಗೆ ಹೋಯಿತು. ಸ್ವಲ್ಪ ಮುಂದೆ ಹಿಂದೆ ಓಡಿಸಿದಾಗ ಮೂರನೇ ಪದ ಸಿಕ್ಕಿತು. ಒಂಟಿ ಗಿಟಾರು, ಭಾಗವತನ ಸ್ವರ, ಆಮೇಲೆ ಚೆಂಡೆಯವ. ಸ್ವಲ್ಪ ಮಂಕಾಗಿತ್ತು, ಆದರೆ ಇತ್ತು! ಜೋಹರಾ ನನ್ನ ಮಣಿಕಟ್ಟನ್ನು ಬಳೆ ಒಡೆಯುವ ಹಾಗೆ ಹಿಡಿದಿದ್ದಳು.

ಟಕ್.

"ಅಸ್ಸಲಾಮು ಅಲೈಕುಂ ಮೋನೇ."

"ವ ಅಲೈಕುಂ ಅಸ್ಸಲಾಂ" ಎಂದರು ಖಾನ್ ಸಾಹೇಬರು, ಎದುರಿಗೆ ಯಾರೋ ನಿಂತು ಹೇಳಿದವರಿಗೆ ಉತ್ತರ ಕೊಡುವ ಹಾಗೆ, ಯೋಚಿಸದೆ.

"ಇದು ಉಮ್ಮ" ಎಂದಿತು ಟೇಪು. ಅಷ್ಟರಲ್ಲಿ ಸ್ವರ ಎಳೆಯತೊಡಗಿತು. ಉಮ್ಮ ಗಂಡಸಾದರು, ಮುದುಕರಾದರು, ಆಮೇಲೆ ಬರೀ ಗೊರಗೊರ. ಖಾನ್ ಸಾಹೇಬರು ತಟ್ಟನೆ ಗುಂಡಿ ಒತ್ತಿದರು. ಕ್ಯಾಸೆಟ್ ಹೊರಗೆ ಬಂತು, ಟೇಪು ಒಳಗೇ ಉಳಿಯಿತು. ಅವರು ಕೀಲಿಯ ತುದಿಯಿಂದ, ಬೆರಳಿನಿಂದ, ಅರ್ಧ ಗಂಟೆ ಬಿಡಿಸಿದರು. ಕೊನೆಗೆ ಅದು ಕೈಗೆ ಬಂದಾಗ ಮೂರು ತುಂಡಾಗಿತ್ತು, ಉದ್ದಕ್ಕೂ ಬಿಳಿ ಬೂಸ್ಟು. ನನ್ನ ಅಕ್ಕಿ ಡಬ್ಬಿ ಏನನ್ನೂ ಕಾಪಾಡಿರಲಿಲ್ಲ.

ಖಾನ್ ಸಾಹೇಬರಿಗೆ ಕಣ್ಣಲ್ಲಿ ನೀರು. "ನನ್ನ ತಪ್ಪು ಮಗಳೇ, ನನ್ನ ಹಾಳು ಗಾಡಿಯ ತಪ್ಪು" ಎಂದು ಹೇಳುತ್ತಲೇ ಇದ್ದರು. ಅವರ ತಪ್ಪಲ್ಲ. ಒಂದು ವಾರ ಬಿಟ್ಟುಹೋಗಿ ಎಂದವನ ಹತ್ತಿರ ಬಿಟ್ಟುಹೋಗದೆ ಬಂದ ನನ್ನ ತಪ್ಪು. ಅದನ್ನು ಜೋಹರಾಳಿಗೆ ಹೇಳಿದೆ, ಅಲ್ಲೇ, ಪಿಕಪ್ಪಿನೊಳಗೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

ಅವಳು ಟೇಪಿನ ತುಂಡುಗಳನ್ನು ಬೆರಳಿಗೆ ಸುತ್ತಿಕೊಂಡಳು. "ಉಮ್ಮನ ಸಲಾಮಿಗೆ ಇಷ್ಟು ವರ್ಷದಲ್ಲಿ ಒಬ್ಬರೂ ಉತ್ತರ ಕೊಟ್ಟಿರ್ಲಿಲ್ಲ" ಎಂದಳು. "ಹಮೀದನಿಗೆ ಮುಟ್ಲಿಕ್ಕೆ ನಾನು ಬಿಡ್ಲಿಲ್ಲ. ಇವ್ರು ಕೊಟ್ರು." ಮತ್ತೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ದುಬೈ

ಮರುದಿನ ಸಂಜೆ ಮೇಳ. ಬೆಳಿಗ್ಗೆ ಜೋಹರಾ, "ನೀನು ಹೋಗು, ಇವರು ಕರ್ಕೊಂಡು ಹೋಗ್ತಾರೆ. ನನಗೆ ಬೇಡ" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು! "ಮೂಡುಬಿದಿರೆಯಿಂದ ಇಲ್ಲಿವರೆಗೆ ಆಣೆ ಹೊತ್ತುಕೊಂಡು ಬಂದದ್ದು ಬಶೀರ್ ಭಾವನ ಒಟ್ಟಿಗೆ ಕೇಳ್ಲಿಕ್ಕಾ? ನೀನು ಬಾರದಿದ್ರೆ ನಾನೂ ಹೋಗುದಿಲ್ಲ. ಇಲ್ಲೇ ಕೂತು ಇಬ್ರೂ ಈರುಳ್ಳಿ ಸುಲಿಯುವ" ಎಂದೆ. ಅವಳು ಕಪಾಟು ತೆರೆದು ಬುರ್ಖಾ ಹೊರಗೆ ತೆಗೆದಳು. ಆಮೇಲೆ, "ಸೀರೆಗೆ ಇಸ್ತ್ರಿ ಹಾಕ್ಬೇಕಾ?" ಎಂದಳು.

ದೊಡ್ಡ ಬಯಲು. ಊರಿನ ಆಟಕ್ಕೆ ಹೋಗುವಂತೆ ನಾನು ಹಾಸಲು ಒಂದು ಬೆಡ್‌ಶೀಟು, ತಿನ್ನಲು ಚಕ್ಕುಲಿ, ಒಂದು ಬಾಟ್ಲಿ ನೀರು ತೆಗೆದುಕೊಂಡು ಹೋಗಿದ್ದೆ. ನೀರು, ಚಕ್ಕುಲಿ ಗೇಟಿನಲ್ಲೇ ಹೋಯಿತು. ಒಳಗೆ ಹೋಗಿ ಜಾಗ ನೋಡಿ ಬೆಡ್‌ಶೀಟು ಹಾಸಿ ಕುಳಿತೆವು. ಐದು ನಿಮಿಷದಲ್ಲಿ ಸುತ್ತ ಬರೀ ಕಾಲುಗಳ ಕಾಡು. ಅಲ್ಲಿ ಯಾರೂ ಕುಳಿತುಕೊಳ್ಳುವುದಿಲ್ಲವಂತೆ! ಮೂರು ಗಂಟೆ ನಿಂತೇ ಕೇಳುವುದಂತೆ! ಗಡಿಬಿಡಿಯಲ್ಲಿ ಎದ್ದು ಬೆಡ್‌ಶೀಟು ಮಡಚಿ ಹೆಗಲಿಗೆ ಹಾಕಿಕೊಂಡೆ.

ಬಂದವರೆಲ್ಲ ಕಪ್ಪು ಅಂಗಿ ಹಾಕಿದ್ದರು. ಜೋಹರಾಳ ಬುರ್ಖಾ ಅದರಲ್ಲಿ ಚೆನ್ನಾಗಿ ಸೇರಿಹೋಯಿತು. ಹಸಿರು ಸೀರೆಯ ನಾನು ಮಾತ್ರ ಬೇರೆ ಮದುವೆಗೆ ಬಂದವಳಂತೆ ಕಾಣುತ್ತಿದ್ದೆ. ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಒಬ್ಬ ಭಾರೀ ಬಿಳಿಯ ನಮ್ಮನ್ನು ನೋಡಿ, ಏನೂ ಕೇಳದೆ, ನಮ್ಮ ಹಿಂದೆ ಕೈಯಗಲಿಸಿ ನಿಂತ. ಕೊನೆಯವರೆಗೂ ಒಬ್ಬರೂ ನಮ್ಮನ್ನು ನೂಕದ ಹಾಗೆ ನೋಡಿಕೊಂಡ. ಕಿವಿಗೆ ಹಾಕಿಕೊಳ್ಳಲು ಎರಡು ಜೊತೆ ಹತ್ತಿಯನ್ನೂ ಕೊಡಲು ಬಂದ. ಚೆಂಡೆಯ ಪಕ್ಕ ಮಲಗಿ ಬೆಳೆದವರಿಗೆ ಹತ್ತಿ ಯಾಕೆ ಎಂದು ತೆಗೆದುಕೊಳ್ಳಲಿಲ್ಲ. ಮೊದಲ ಪದಕ್ಕೇ ಬುದ್ಧಿ ಬಂತು, ತಿರುಗಿ ಕೈ ಚಾಚಿದೆ. ಆತ ನಕ್ಕು ಕೊಟ್ಟ.

ಭಾಗವತ ಬೋಳಾಗಿದ್ದ. ಹೊಟ್ಟೆ ಬಂದಿತ್ತು. ಆದರೆ ಬಾಯಿ ತೆರೆದನೋ, ಅದೇ ಸ್ವರ! ಹಾಸ್ಟೆಲಿನ ಆ ಕೋಣೆ, ಒಣಹಾಕಿದ ಬಟ್ಟೆ, ನಮ್ಮ ಇಪ್ಪತ್ತರ ಪ್ರಾಯ, ಎಲ್ಲ ಒಮ್ಮೆಲೇ ಎದುರಿಗೆ ಬಂತು. ಜೋಹರಾಳನ್ನು ನೋಡಿದೆ. ಅವಳು ಕೈಕಟ್ಟಿ ನಿಂತಿದ್ದಳು, ಬಸ್ಸಿಗೆ ಕಾಯುವವಳ ಹಾಗೆ. ನಾವು ಕೇಳದ ಎಷ್ಟೋ ಪದ ಬಂದವು. ನಮ್ಮ ಐದರಲ್ಲಿ ನಾಲ್ಕು ಬಂದವು. ಮೂರನೆಯದು ಬರಲಿಲ್ಲ. ಮೇಳದವರು ಕೈ ಬೀಸಿ ಒಳಗೆ ಹೋದರು, ದೀಪ ಆರಿತು. "ಬರ್ಲಿಲ್ಲ" ಎಂದಳು ಜೋಹರಾ. ಬೇಸರವೋ ನಿರಾಳವೋ ನನಗೆ ತಿಳಿಯಲಿಲ್ಲ. ಯಾರೂ ಹೊರಡಲಿಲ್ಲ, ಎಲ್ಲರೂ ಕಾಲು ಕುಟ್ಟುತ್ತಿದ್ದರು. ಹಿಂದಿನ ಬಿಳಿಯ ನನ್ನ ಹೆಗಲಿನ ಬೆಡ್‌ಶೀಟು ಮೆಲ್ಲಗೆ ಎಳೆದು, ನಿಲ್ಲಿ ಎಂದು ಕೈಸನ್ನೆ ಮಾಡಿದ.

ಕತ್ತಲೆಯಲ್ಲಿ ಒಂಟಿ ಗಿಟಾರು ಶುರುವಾಯಿತು.

ನಾನು ಜೋಹರಾಳ ಕೈ ಹುಡುಕಿದೆ, ಅವಳ ಕೈ ನನ್ನದನ್ನು ಹುಡುಕುತ್ತಿತ್ತು. ಭಾಗವತನ ಸ್ವರ ಬಂತು. ಚೆಂಡೆಯವ ಬಂದ. ಒಂದೊಂದು ಸಾಲೂ ನಮಗೆ ಗೊತ್ತು, ಇನ್ನು ಮೂರು ಸಾಲು, ಇನ್ನು ಎರಡು. ಹದಿನೈದು ವರ್ಷ ಕಾದ ಜಾಗ ಅದು. ಇನ್ನು ಒಂದು. ನಾನು ಕಿವಿಯ ಹತ್ತಿ ಕಿತ್ತು ಬಿಸಾಡಿದೆ. ಮೇಳ ಒಂದು ಕ್ಷಣ ನಿಂತು, ಜನ ಭೋರೆಂದು ಕೂಗಿ, ಇನ್ನೇನು ಏರಬೇಕು ಅನ್ನುವಾಗ, ನನ್ನ ಕಿವಿಯ ಹತ್ತಿರವೇ ಕೇಳಿಸಿತು:

"ಅಸ್ಸಲಾಮು ಅಲೈಕುಂ ಮೋನೇ. ಇದು ಉಮ್ಮ."

ಜೋಹರಾ ಹೇಳುತ್ತಿದ್ದಳು. ಅದೇ ಬ್ಯಾರಿ, ಅದೇ ಎಳೆತ, ಮಾತಿನ ನಡುವೆ ಉಸಿರು ತೆಗೆದುಕೊಳ್ಳುವ ಅದೇ ರೀತಿ. "ನಾವೆಲ್ಲ ಸೌಖ್ಯ. ಹೊಳೆ ಮೂರು ಮೆಟ್ಟಿಲು ಹತ್ತಿತ್ತು, ಈಗ ಇಳಿದಿದೆ, ನೀನು ಹೆದರಬೇಡ." ಅವಳ ಕಣ್ಣು ಮುಚ್ಚಿತ್ತು. "ಕಪ್ಪು ಆಡು ಎರಡು ಮರಿ ಹಾಕಿತು. ನೀನು ಕಳಿಸಿದ ಕಂಬಳಿ ಬಿಚ್ಚಲಿಲ್ಲ, ನಿನ್ನ ಮದುವೆಗೆ ಇಟ್ಟಿದ್ದೇನೆ."

"ಒಂದು ಮರಿ ನಿನ್ನ ಹಾಗೆ, ಹಾಲು ಕುಡಿಯಲಿಕ್ಕೂ ಸೋಮಾರಿ," ಎಂದು ಅವಳು ಬಿಟ್ಟದ್ದನ್ನು ನಾನು ಕಿರುಚಿ ಹೇಳಿದೆ. ಕಿರುಚದೆ ಅಲ್ಲಿ ಏನೂ ಕೇಳುವಂತಿರಲಿಲ್ಲ.

"ಹೌದು, ಸೋಮಾರಿ," ಎಂದು ಅವಳೂ ಕಿರುಚಿದಳು. ಅ‍ಳುತ್ತಿದ್ದಳು, ಈಗ ಮಾತ್ರ, ಉಮ್ಮ ಹೋದ ಇಷ್ಟು ತಿಂಗಳ ಮೇಲೆ. ಆಮೇಲಿನದನ್ನು ಇಬ್ಬರೂ ಒಟ್ಟಿಗೆ ಹೇಳಿದೆವು. "ಸಾಬೂನು ಇನ್ನು ಕಳಿಸಬೇಡ, ಮನೆ ತುಂಬ ಸಾಬೂನೇ. ಜೋಹರಾ ಶನಿವಾರ ಬರ್ತಾಳೆ. ಅವಳು ಬಂದರೆ ಮನೆಗೆ ಬಾಯಿ ಬರ್ತದೆ. ನೀನು ಹೊಟ್ಟೆ ತುಂಬ ಊಟ ಮಾಡು. ಅಷ್ಟೇ ಮೋನೇ."

ಇಲ್ಲಿ ಉಮ್ಮ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಮಳೆಯ ಸದ್ದು ಮಾತ್ರ ಇರುತ್ತದೆ, ಗುಂಡಿಗಳ ಮೇಲೆ ಬೆರಳು ತಡವುವುದು ಕೇಳಿಸುತ್ತದೆ. ನಾವೂ ಅಷ್ಟೇ ಹೊತ್ತು ಸುಮ್ಮನೆ ನಿಂತೆವು. ಎದುರಿಗೆ ಮೇಳದವರು ಏನು ನುಡಿಸುತ್ತಿದ್ದರೆಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ.

ಉಮ್ಮನ ಮುಂದಿನ ಮಾತು ಜೋಹರಾಳ ಬಾಯಿಂದ ಬರಲಿಲ್ಲ. ನಾನು ಹೇಳಿದೆ: "ಇದನ್ನು ನಿಲ್ಲಿಸುವುದು ಹೇಗೆ?"

ಅವಳು ನನ್ನ ಹೆಗಲಿಗೆ ಮುಖ ಒತ್ತಿ ಉಮ್ಮನ ಕೊನೆಯ ಮಾತು ಹೇಳಿದಳು: "ಜೋಹರಾ ಇದ್ದಿದ್ದರೆ ಹೇಳ್ತಿದ್ದಳು."

"ಟಕ್" ಎಂದೆವು ಇಬ್ಬರೂ.

ಅಲ್ಲಿಂದ ಮುಂದೆ ಉಳಿದ ಪದದ ಬಾಲ ನಮಗೆ ಬರುತ್ತದೆ. ಹಾಡಿದೆವು.